ವೈರಸ್ ಟೆಸ್ಟಿಗೆ ಪಂದಿಕರಿ ಕಳಿಸಬೇಡಿ: ಕೊಡಗಿನ ಹೋಂಸ್ಟೇ, ಮದುವೆಮನೆಗಳಿಗೊಂದು ಮಾರ್ಗದರ್ಶಿ

ಮಳೆ ಹಿಡಿದು ಹದಿನೈದು ದಿನ ಕಳೆಯಿತೆಂದರೆ ನನಗೆ ಒಂದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ನಾಪೋಕ್ಲಿನಿಂದ ಬರುತ್ತದೆ, ಸುಂಟಿಕೊಪ್ಪದಿಂದ ಬರುತ್ತದೆ, ಕುಟ್ಟದ ಕಡೆಯಿಂದಲೂ ಬರುತ್ತದೆ. "ಗೆಸ್ಟ್‌ಗಳಿಗೆ ವಾಂತಿ ಭೇದಿ ಆಗಿದೆ. ನಿನ್ನೆಯ ಊಟ ಫ್ರಿಜ್‌ನಲ್ಲಿದೆ. ಅದರಲ್ಲಿ ವೈರಸ್ ಇದೆಯಾ ಅಂತ ಎಲ್ಲಿ ಟೆಸ್ಟ್ ಮಾಡಿಸೋದು?" ಕೇಳುವವರಲ್ಲಿ ಹೋಂಸ್ಟೇಯವರೇ ಹೆಚ್ಚು. ಮದುವೆ ಅಡುಗೆಯವರು, ತೋಟದ ಲೈನ್‌ಮನೆ (ಕೂಲಿಕಾರರ ಸಾಲುಮನೆ) ನೋಡಿಕೊಳ್ಳುವ ರೈಟರ್‌ಗಳು ಕೂಡ ಇದ್ದಾರೆ.

ಪಂದಿಕರಿಯಾಗಲಿ (ನಮ್ಮ ಹಂದಿಮಾಂಸದ ಸಾರು) ಬೇರೆ ಏನಾಗಲಿ, ಊಟದ ಡಬ್ಬಿ ಹಿಡಿದು ಲ್ಯಾಬಿಗೆ ಓಡುವುದು ಬಹುಪಾಲು ವ್ಯರ್ಥ. ವೈರಸ್ಸಿನ ಗುರುತು ಮೊದಲು ಸಿಗುವುದು ಕಾಯಿಲೆ ಬಿದ್ದವರ ಮಲದಲ್ಲಿ, ಆಮೇಲೆ ನೀರಿನಲ್ಲಿ. ಊಟದಲ್ಲಿ ಸಿಗುವುದು ಎಲ್ಲಕ್ಕಿಂತ ಕೊನೆಗೆ. ಯಾಕೆ ಹೀಗೆ, ಹಾಗಾದರೆ ಏನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಇಷ್ಟು ತಿಳಿದಿರಲಿ

ಬ್ಯಾಕ್ಟೀರಿಯಾ ಊಟದಲ್ಲೇ ಬೆಳೆಯುತ್ತದೆ. ಬೆಳಗ್ಗೆ ನೂರಿದ್ದದ್ದು ಸಂಜೆಗೆ ಲಕ್ಷವಾಗಬಹುದು, ಊಟ ಹಳಸಿ ವಾಸನೆಯೂ ಬರಬಹುದು. ವೈರಸ್ ಹಾಗಲ್ಲ. ಅದಕ್ಕೆ ಬೆಳೆಯಲು ಜೀವಂತ ಕೋಶ ಬೇಕು, ಅನ್ನ ಸಾರಿನಲ್ಲಿ ಒಂದಕ್ಕೆ ಎರಡು ಆಗದು. ಬಿದ್ದಷ್ಟೇ ಇರುತ್ತದೆ, ಸುಮ್ಮನೆ ಕಾಯುತ್ತದೆ. ಹಾಗಾಗಿ ಬಣ್ಣ, ರುಚಿ, ವಾಸನೆ ಯಾವುದೂ ಕೆಡುವುದಿಲ್ಲ. ಫ್ರಿಜ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ವೈರಸ್ಸನ್ನು ಮಾತ್ರ ಜೋಪಾನವಾಗಿ ಕಾಪಾಡುತ್ತದೆ. ಐಸ್ ಕ್ಯೂಬ್‌ನಲ್ಲೂ ಅದು ಉಳಿಯುತ್ತದೆ.

ಊಟ ನೀರಿನಿಂದ ಬರುವ ಮುಖ್ಯ ವೈರಸ್‌ಗಳು ನಾಲ್ಕು. ನೊರೊವೈರಸ್: ತಗುಲಿದ 12ರಿಂದ 48 ಗಂಟೆಯಲ್ಲಿ ವಾಂತಿ ಭೇದಿ, ಒಂದರಿಂದ ಮೂರು ದಿನದಲ್ಲಿ ವಾಸಿ. ಹೆಪಟೈಟಿಸ್ ಎ: ಕಾಮಾಲೆ ತರುವಂಥದ್ದು, ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ಹೆಪಟೈಟಿಸ್ ಇ: ಇದೂ ಕಾಮಾಲೆಯೇ, ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಪ್ರಾಣಕ್ಕೇ ಕುತ್ತು. ರೋಟಾವೈರಸ್: ಚಿಕ್ಕ ಮಕ್ಕಳ ಭೇದಿ, ಇದರ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲೇ ಸಿಗುತ್ತದೆ.

ಇವೆಲ್ಲ ಅತಿ ಸಣ್ಣವು. ನೊರೊವೈರಸ್ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 30 ಸಾವಿರ ಹಿಡಿಯುತ್ತವೆ. ಕಾಯಿಲೆ ಬೀಳಲು ನೂರಕ್ಕಿಂತ ಕಡಿಮೆ ಕಣ ಸಾಕು. ಕಾಯಿಲೆಯವರ ಒಂದು ಗ್ರಾಂ ಮಲದಲ್ಲಿ ನೂರಾರು ಕೋಟಿ ಇರುತ್ತವೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆ ಇತ್ತು. ಸ್ಯಾನಿಟೈಸರ್ ಆ ಹೊದಿಕೆಯನ್ನು ಕರಗಿಸಿ ಕೊಲ್ಲುತ್ತಿತ್ತು. ಮೇಲಿನ ವೈರಸ್‌ಗಳಿಗೆ ಅಂಥ ಹೊದಿಕೆ ಇಲ್ಲ, ನೊರೊವೈರಸ್ಸಿನ ಮೇಲಂತೂ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹುಳಿಗೂ ಅದು ಜಗ್ಗದು, ಹೊಟ್ಟೆಯ ಆಮ್ಲ ದಾಟಿಯೇ ಕರುಳಿಗೆ ಹೋಗುವಂಥದ್ದು. "ಕಾಚಂಪುಳಿ ಹಾಕಿದ್ದೀವಲ್ಲ, ಏನೂ ಆಗಲ್ಲ" ಎಂದು ಪಂದಿಕರಿಗೆ ಹಾಕುವ ಗಟ್ಟಿ ಹುಳಿರಸವನ್ನು ನಂಬುವವರಿಗೆ ಈ ಮಾತು.

ದೂರದ ಕಥೆ ಎಂದುಕೊಳ್ಳಬೇಡಿ. 2021ರ ನವೆಂಬರಿನಲ್ಲಿ ನಮ್ಮ ಪಕ್ಕದ ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯಕೀಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ ನೊರೊವೈರಸ್ ದೃಢಪಟ್ಟಿತ್ತು. ಕುಟ್ಟ ದಾಟಿದರೆ ಸಿಗುವ ಜಿಲ್ಲೆ ಅದು.

ಬೇಕಾಗುವ ಸಾಮಾನು

ಬ್ಲೀಚಿಂಗ್ ಪೌಡರ್ (ಮುಚ್ಚಳ ಬಿಗಿಯಾಗಿರುವ, ಹೊಸದು), ಕ್ಲೋರಿನ್ ನೋಡುವ ಕಿಟ್, ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿಗಳು, ಅಡುಗೆ ಥರ್ಮಾಮೀಟರ್, ರಬ್ಬರ್ ಗ್ಲೌಸ್, ಒಂದು ನೋಟ್‌ಬುಕ್.

1. ಶೌಚಗುಂಡಿಯಿಂದ ಬಾವಿಗೆ ದಾರಿ ಇದೆಯಾ ನೋಡಿ

ಈ ವೈರಸ್‌ಗಳು ಬಹುಪಾಲು ಮನುಷ್ಯನ ಮಲದಿಂದಲೇ ಬರುತ್ತವೆ. ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ಇರಬೇಕು ಅನ್ನುತ್ತಾರೆ. ಅದು ಸಮತಟ್ಟು ಜಾಗದ ಲೆಕ್ಕ. ನಮ್ಮಲ್ಲಿ ಮನೆ ಮೇಲೆ, ಬಾವಿ ಕೆಳಗೆ ಗದ್ದೆಯಂಚಿನಲ್ಲಿ. ಹೊಸದಾಗಿ ಕಟ್ಟಿದ ಕಾಟೇಜಿನ ಗುಂಡಿ ಬಾವಿಯ ನೆತ್ತಿಯ ಮೇಲೆ ಕೂತಿದ್ದರೆ 100 ಅಡಿ ದೂರವಿದ್ದರೂ ನಂಬಬೇಡಿ. ಜುಲೈ ಮಳೆಯಲ್ಲಿ ಗುಂಡಿ ತುಂಬಿ, ನೀರು ಮಣ್ಣಿನೊಳಗೆ ಇಳಿಜಾರು ಹಿಡಿಯುತ್ತದೆ. ಬೆಟ್ಟದಿಂದ ಪೈಪ್ ಹಾಕಿ ತರುವ ಒರತೆ ನೀರಾದರೆ ಒಮ್ಮೆ ಪೈಪಿನ ಜೊತೆ ಮೇಲಕ್ಕೆ ಹತ್ತಿ ಹೋಗಿ. ಒರತೆಗಿಂತ ಮೇಲೆ ಲೈನ್‌ಮನೆಯೋ ಟೆಂಟ್ ಹಾಕುವ ಜಾಗವೋ ಇದ್ದರೆ "ಶುದ್ಧ ಬೆಟ್ಟದ ನೀರು" ಎಂದು ಬೋರ್ಡ್ ಹಾಕುವ ಮೊದಲು ಯೋಚಿಸಿ.

ಎಚ್ಚರಿಕೆ: ಕ್ಯಾಂಡಲ್ ಫಿಲ್ಟರ್ ಮಣ್ಣು ತಡೆಯುತ್ತದೆ, ವೈರಸ್ ತಡೆಯದು. ಯುವಿ ದೀಪ ವೈರಸ್ಸನ್ನು ಕೊಲ್ಲಬಲ್ಲದು, ಆದರೆ ನೀರು ತಿಳಿಯಾಗಿದ್ದರೆ ಮಾತ್ರ. ಕೆಂಪು ನೀರಿನಲ್ಲಿ ಬೆಳಕು ಒಳಗೆ ಇಳಿಯುವುದೇ ಇಲ್ಲ.

2. ಕ್ಲೋರಿನ್ ಹಾಕಿ, ಹಾಕಿದ ಮೇಲೆ ಅಳೆಯಿರಿ

ಎಲ್ಲರೂ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಅಳೆಯುವವರು ಕಡಿಮೆ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ, ಆಮೇಲೆ 3.14ರಿಂದ ಗುಣಿಸಿ 4ರಿಂದ ಭಾಗಿಸಿ. ಅದನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಆ ಬಾವಿಗೆ 24 ಗ್ರಾಂ ಪುಡಿ.

ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆ ಯಾರೂ ಮುಟ್ಟಬಾರದು. ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಇನ್ನೂ ಒಳ್ಳೆಯದು.

ಗಂಟೆಯ ಮೇಲೆ ಕಿಟ್‌ನಿಂದ ಉಳಿಕೆ ಕ್ಲೋರಿನ್ ನೋಡಿ. ಉಳಿಕೆ ಕ್ಲೋರಿನ್ ಅಂದರೆ ಕೊಳೆಯ ಜೊತೆ ಹೋರಾಡಿ ಮುಗಿದ ಮೇಲೂ ನೀರಿನಲ್ಲಿ ಉಳಿದಿರುವ ಭಾಗ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವೈರಸ್ಸಿನಿಂದ ರಕ್ಷಣೆ ಬೇಕಾದಾಗ 0.5 ಇರಬೇಕೆಂದು ಅದೇ ಮಾನಕ ಪ್ರತ್ಯೇಕವಾಗಿ ಹೇಳುತ್ತದೆ. ಈ 0.5 ಎಂಬ ಅಂಕಿಯನ್ನು ಅಡುಗೆಮನೆ ಗೋಡೆಯ ಮೇಲೆ ಬರೆದಿಡಿ. ಕಡಿಮೆ ಬಂದರೆ ಇನ್ನಷ್ಟು ಹಾಕಿ ಮತ್ತೆ ಅಳೆಯಿರಿ. ಮಳೆಗಾಲದ ಕದಡಿದ ನೀರು ಕ್ಲೋರಿನ್ ಕುಡಿದುಬಿಡುತ್ತದೆ, ವೈರಸ್ ಕೂಡ ಮಣ್ಣಿನ ಕಣದ ಮರೆಯಲ್ಲಿ ಬಚಾವಾಗುತ್ತದೆ. ಅದಕ್ಕೇ ಮೊದಲು ನೀರು ತಿಳಿಯಾಗಲಿ, ಆಮೇಲೆ ಕ್ಲೋರಿನ್.

ಕುಡಿಯುವ ನೀರನ್ನು ಕುದಿಸುವುದು ಎಲ್ಲಕ್ಕಿಂತ ಖಚಿತ. ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಹಾಗಂತ ಚಿಂತೆ ಬೇಡ, ಚೆನ್ನಾಗಿ ಉಕ್ಕಿ ಕುದಿಯುವಾಗ ಒಂದು ನಿಮಿಷ ಬಿಟ್ಟರೆ ಈ ವೈರಸ್‌ಗಳಿಗೆ ಸಾಕು.

ಎಚ್ಚರಿಕೆ: ನಮ್ಮ ಹೋಟೆಲ್, ಹೋಂಸ್ಟೇಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು. ಕುದಿಸಿದ ನೀರು ಬಾಯಿ ಸುಡುತ್ತದೆಂದು ಅರ್ಧ ಜಗ್ಗಿನಷ್ಟು ನಲ್ಲಿಯ ನೀರು ಬೆರೆಸಿ ಮೇಜಿಗೆ ಇಡುತ್ತಾರೆ. ಕುದಿಸಿದ್ದೆಲ್ಲ ನೀರಿಗೆ ಹಾಕಿದ ಹಾಗೆ.

3. ವರ್ಷಕ್ಕೆ ಎರಡು ಸಲ ನೀರನ್ನು ಲ್ಯಾಬಿಗೆ ಕಳಿಸಿ

ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಮಳೆ ಜೋರಾಗಿರುವಾಗ. ಕುಡಿಯುವ ನೀರಿನ ಸರ್ಕಾರಿ ಪ್ರಯೋಗಾಲಯ ಜಿಲ್ಲಾ ಮಟ್ಟದಲ್ಲಿದೆ. ಖಾಸಗಿ ಲ್ಯಾಬ್ ಆದರೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಕೇಳಿ. ಮಾನ್ಯತೆ ಅಂದರೆ ಲ್ಯಾಬ್ ಕಟ್ಟಡಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ, ಒಂದೊಂದು ಪರೀಕ್ಷೆಗೂ ಬೇರೆ ಬೇರೆ. ನೀವು ಮಾಡಿಸುವ ಪರೀಕ್ಷೆ ಆ ಪಟ್ಟಿಯಲ್ಲಿದೆಯಾ ಎಂದೇ ಕೇಳಬೇಕು.

ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಕ್ಲೋರಿನ್ ಕೆಲಸವನ್ನು ಅಲ್ಲಿಗೇ ನಿಲ್ಲಿಸುವ ಥಯೋಸಲ್ಫೇಟ್ ಎಂಬ ಉಪ್ಪು ಅದರೊಳಗೆ ಇರುತ್ತದೆ, ತೊಳೆಯಬೇಡಿ. ಮಾದರಿಯನ್ನು ಐಸ್ ಬಾಕ್ಸಿನಲ್ಲಿಟ್ಟು ಆರು ಗಂಟೆಯೊಳಗೆ ಮುಟ್ಟಿಸಿ. ಬಿಸಿಲೇರಿದ ಮೇಲೆ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ತಂದ ಖಾಲಿ ಮಿನರಲ್ ವಾಟರ್ ಬಾಟಲಿಯಿಂದ ಏನೂ ತಿಳಿಯುವುದಿಲ್ಲ.

ಮಾಮೂಲಿ ಪರೀಕ್ಷೆಯಲ್ಲಿ ನೋಡುವುದು ವೈರಸ್ಸನ್ನಲ್ಲ, ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು. ಅದು ಕರುಳಿನದು, ನೀರಿನಲ್ಲಿ ಸಿಕ್ಕಿತೆಂದರೆ ಮಲ ಸೇರಿದೆ ಎಂದು ಅರ್ಥ. 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಸಿಕ್ಕಿದರೆ ವೈರಸ್ಸೂ ಇರಬಹುದೆಂದು ತಿಳಿದು ನಡೆಯಿರಿ. ಸಿಗದಿದ್ದರೆ? ಇಲ್ಲೇ ಜನ ಎಡವುವುದು. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ಕೆಲವು ವೈರಸ್ ತಡೆದುಕೊಳ್ಳುತ್ತವೆ. ಅದಕ್ಕಾಗಿ ಅದೇ ಮಾನಕದಲ್ಲಿ ಇನ್ನೊಂದು ಪರೀಕ್ಷೆ ಇದೆ, ಎಂಎಸ್2 ಫೇಜ್. ಫೇಜ್ ಅಂದರೆ ಬ್ಯಾಕ್ಟೀರಿಯಾಕ್ಕೆ ತಗುಲುವ ವೈರಸ್, ನಮಗೆ ಅಪಾಯವಿಲ್ಲ. ಅದರ ಗಾತ್ರ, ಗಟ್ಟಿತನ ನೊರೊವೈರಸ್ಸನ್ನು ಹೋಲುತ್ತದೆ. ಒಂದು ಲೀಟರಿನಲ್ಲಿ ಅದು ಇರಬಾರದು. ಪ್ರತಿ ಸಲ ಮಾಡಿಸುವುದು ಬೇಡ. ಬಾವಿಯ ಬಗ್ಗೆ ಅನುಮಾನ ಇರುವವರು ಒಮ್ಮೆ ಮಾಡಿಸಲಿ.

ಮಧ್ಯದಲ್ಲಿ ಮನೆಯಲ್ಲೇ ನೋಡಲು ಹೈಡ್ರೋಜನ್ ಸಲ್ಫೈಡ್ ಬಾಟಲಿ ಇದೆ. ನೀರು ತುಂಬಿಸಿ ಇಟ್ಟರೆ 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರು ಕೆಟ್ಟಿದೆ. ಇದಕ್ಕೆ ಬೆಚ್ಚಗಿನ ಜಾಗ ಬೇಕು. ಜುಲೈನ ಮಡಿಕೇರಿ ಚಳಿಯಲ್ಲಿ ಕಿಟಕಿಯ ಮೇಲಿಟ್ಟು "ಕಪ್ಪಾಗಲಿಲ್ಲ" ಎಂದು ನಿಶ್ಚಿಂತೆಯಿಂದ ಇರಬೇಡಿ, ಒಲೆಯ ಹತ್ತಿರ ಇಡಿ.

4. ಬೆಂದ ಮೇಲೆ ಯಾರ ಕೈ ಮುಟ್ಟುತ್ತದೆ?

ಕಡಂಬುಟ್ಟಿನ ಉಂಡೆಯನ್ನು ಕೈಯಲ್ಲೇ ಕಟ್ಟುತ್ತೇವೆ, ಆದರೆ ಆಮೇಲೆ ಅದು ಹಬೆಯಲ್ಲಿ ಬೇಯುತ್ತದೆ. ತೊಂದರೆ ಇಲ್ಲ. ನೂಲ್‌ಪುಟ್ಟಿನ ಮೇಲೆ ತೆಂಗಿನತುರಿ ಬೀಳುವುದು ಬೆಂದ ಮೇಲೆ. ತೊಂದರೆ ಅಲ್ಲಿದೆ. ನಿಮ್ಮ ಮೆನು ತೆಗೆದುಕೊಂಡು ಹೀಗೆ ಗೆರೆ ಎಳೆಯಿರಿ: ಬೆಂದ ಮೇಲೆ ಕೈ ತಾಗುವುದು ಯಾವುದು, ಬೇಯದೆಯೇ ಹೋಗುವುದು ಯಾವುದು. ಚಟ್ನಿ, ಸಲಾಡ್, ಹೆಚ್ಚಿದ ಹಣ್ಣು, ಜ್ಯೂಸ್, ಐಸ್, ಮೇಲೆ ಉದುರಿಸುವ ಕೊತ್ತಂಬರಿ. ಇಷ್ಟಕ್ಕೆ ಇಕ್ಕಳ, ಚಮಚ, ಇಲ್ಲವೇ ಹೊಸ ಗ್ಲೌಸ್.

ಕೈ ತೊಳೆಯುವುದು ಹರಿಯುವ ನೀರಿನಲ್ಲಿ, ಸೋಪು ಹಾಕಿ 20 ಸೆಕೆಂಡ್. ಸೋಪು ಇಲ್ಲಿ ವೈರಸ್ಸನ್ನು ಕೊಲ್ಲುವುದಿಲ್ಲ, ಉಜ್ಜಿ ಎಬ್ಬಿಸುತ್ತದೆ, ನೀರು ಕೊಂಡೊಯ್ಯುತ್ತದೆ. ಬೇಸಿನ್‌ನಲ್ಲಿ ನಿಂತ ನೀರಿಗೆ ಕೈ ಅದ್ದಿದರೆ ಆ ಲಾಭ ಇಲ್ಲ.

5. ಹುಷಾರಿಲ್ಲದವರಿಗೆ ರಜೆ ಕೊಡಿ

ವಾಂತಿ ಭೇದಿ ನಿಂತು 48 ಗಂಟೆ ಆಗುವವರೆಗೆ ಅಡುಗೆಮನೆಗೆ ಬರಬಾರದು. ನಿಂತ ಮೇಲೂ ಎರಡು ವಾರ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ, ಹಾಗಾಗಿ ಬಂದ ಮೇಲೂ ಕೈ ತೊಳೆಯುವುದರ ಮೇಲೆ ಕಣ್ಣಿರಲಿ. ಕಾಮಾಲೆಯಾದರೆ ಕಣ್ಣು ಹಳದಿಯಾದ ದಿನದಿಂದ ಕನಿಷ್ಠ ಒಂದು ವಾರ. ಆದರೆ ಹೆಪಟೈಟಿಸ್ ಎ ಅತಿ ಹೆಚ್ಚು ಹರಡುವುದು ಕಣ್ಣು ಹಳದಿಯಾಗುವ ಹಿಂದಿನ ಎರಡು ವಾರದಲ್ಲಿ, ಆಗ ಯಾರಿಗೂ ಗೊತ್ತೇ ಇರುವುದಿಲ್ಲ. ಅಡುಗೆಯವರಿಗೆ ಅದರ ಲಸಿಕೆ ಹಾಕಿಸಿದರೆ ಖರ್ಚು ದಂಡವಲ್ಲ.

ದಿನಗೂಲಿ ಕಡಿದರೆ ಯಾರೂ ಹುಷಾರಿಲ್ಲ ಎಂದು ಹೇಳುವುದಿಲ್ಲ. ಆ ಎರಡು ದಿನದ ಕೂಲಿ ಕೊಟ್ಟೇ ಮನೆಗೆ ಕಳಿಸಿ. ಲ್ಯಾಬ್ ಬಿಲ್ಲಿಗಿಂತ ಅಗ್ಗ.

6. ಶಾಖ: ಹಂದಿ, ಕಲ್ಲುಮ್ಮಕಾಯಿ, ಹಣ್ಣು

ಪಂದಿಕರಿ ಬಗ್ಗೆ ಕೇಳುತ್ತೀರಿ. ಯುರೋಪ್, ಜಪಾನ್‌ಗಳಲ್ಲಿ ಅರೆಬೆಂದ ಹಂದಿಮಾಂಸ, ಲಿವರ್‌ನಿಂದ ಹೆಪಟೈಟಿಸ್ ಇ ಬಂದದ್ದುಂಟು. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಹರಡುವುದು ಕೊಳಕು ನೀರಿನಿಂದ. ನಮ್ಮ ಪಂದಿಕರಿ ಒಲೆಯ ಮೇಲೆ ಕುದಿಯುವ ಹೊತ್ತಿಗೆ ಯಾವ ವೈರಸ್ಸೂ ಉಳಿಯದು. ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೆ ಸೌತೆಕಾಯಿ ಹೆಚ್ಚದಿದ್ದರೆ ಆಯಿತು.

ತಲಶ್ಶೇರಿ ಕಡೆಯಿಂದ ಬರುವ ಕಲ್ಲುಮ್ಮಕಾಯಿ, ಮಂಗಳೂರಿನ ಮರುವಾಯಿ ಬೇರೆ ವಿಷಯ. ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಬದುಕುತ್ತವೆ, ಚರಂಡಿ ನೀರು ಸೇರುವ ಜಾಗದಲ್ಲಿ ವೈರಸ್ಸನ್ನೂ ಮೈಯಲ್ಲಿ ಸೇರಿಸಿಡುತ್ತವೆ. 1988ರಲ್ಲಿ ಶಾಂಘೈನಲ್ಲಿ ಸರಿಯಾಗಿ ಬೇಯಿಸದ ಚಿಪ್ಪು ತಿಂದು ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ಬಂತು. ಬಾಯಿ ಬಿಟ್ಟ ಕೂಡಲೇ ಇಳಿಸಬೇಡಿ. ಒಳಗಿನ ಮಾಂಸ 90 ಡಿಗ್ರಿ ಮುಟ್ಟಿ 90 ಸೆಕೆಂಡ್ ಇರಬೇಕು.

ಬಾವಲಿ ಕಚ್ಚಿದ ಪೇರಲೆ, ಮಾವು ಎಸೆಯಿರಿ. ಕೋಳಿಕ್ಕೋಡಿನಲ್ಲಿ 2018ರಲ್ಲಿ ಕಾಣಿಸಿಕೊಂಡ ನಿಪಾ ವೈರಸ್ಸಿನ ಮೂಲ ಆಸರೆ ಹಣ್ಣು ತಿನ್ನುವ ಬಾವಲಿಗಳೇ.

7. ಊಟದ ಕೋಣೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ

ಸುತ್ತಲಿನವರನ್ನು ಎಬ್ಬಿಸಿ, ಕಿಟಕಿ ತೆಗೆಯಿರಿ. ವಾಂತಿಯ ಹನಿಗಳು ಗಾಳಿಯಲ್ಲೂ ಹಾರುತ್ತವೆ. ತೆರೆದಿಟ್ಟ ಊಟ, ಹತ್ತಿರದ ಸಲಾಡ್ ಚೆಲ್ಲಿ. ಗ್ಲೌಸ್ ಹಾಕಿ ಹಳೆ ಪೇಪರ್ ಹೊದಿಸಿ ಬಳಿದು ಚೀಲಕ್ಕೆ ಹಾಕಿ. ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 17 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ ನೆಲಕ್ಕೆ ಸುರಿದು ಕನಿಷ್ಠ ಐದು ನಿಮಿಷ ಬಿಡಿ. ಬಾಗಿಲ ಹಿಡಿ, ನಲ್ಲಿ ಮುಂತಾದವನ್ನು ಒರೆಸಲು ಲೀಟರಿಗೆ 3ರಿಂದ 4 ಗ್ರಾಂ ಸಾಕು. ಬ್ಲೀಚಿಂಗ್ ಪೌಡರಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಲೇಬೇಡಿ, ವಿಷಾನಿಲ ಬರುತ್ತದೆ.

8. ಐದಾರು ಜನ ಒಟ್ಟಿಗೆ ಬಿದ್ದರೆ

ಮೊದಲು ಓಆರ್‌ಎಸ್, ಸುಸ್ತು ಹೆಚ್ಚಾದರೆ ಆಸ್ಪತ್ರೆ. ಅದರ ಜೊತೆಗೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಲ್ಲಿಂದ ರೋಗ ಹರಡುವುದರ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಸುದ್ದಿ ಹೋಗುತ್ತದೆ. ಹೆಸರು ಕೆಡುತ್ತದೆಂದು ಮುಚ್ಚಿಟ್ಟರೆ ಮಾದರಿ ತೆಗೆಯುವ ಹೊತ್ತು ಮೀರಿಹೋಗುತ್ತದೆ.

ನೋಟ್‌ಬುಕ್ ಈಗ ತೆಗೆಯಿರಿ. ಯಾರು, ಏನು ತಿಂದರು, ಎಷ್ಟು ಗಂಟೆಗೆ, ಎಷ್ಟು ಗಂಟೆಗೆ ಶುರುವಾಯಿತು, ಮೊದಲು ವಾಂತಿಯೋ ಭೇದಿಯೋ. ಊಟವಾಗಿ ಎರಡು ಮೂರು ಗಂಟೆಯಲ್ಲೇ ಎಲ್ಲರೂ ವಾಂತಿ ಮಾಡಿದರೆ ಅದು ಬ್ಯಾಕ್ಟೀರಿಯಾದ ವಿಷವಿರಬೇಕು, ವೈರಸ್ಸಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ವಾಂತಿ, ಊಟಕ್ಕೂ ಕಾಯಿಲೆಗೂ ಸರಾಸರಿ 24ರಿಂದ 48 ಗಂಟೆಯ ಅಂತರ, ಸರಾಸರಿ 12ರಿಂದ 60 ಗಂಟೆಯಲ್ಲಿ ವಾಸಿ, ಮಲವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಇಲ್ಲ ಎಂದಾದರೆ ನೊರೊವೈರಸ್ ಎಂದು ಬಲವಾಗಿ ಊಹಿಸಬಹುದು. 1982ರಿಂದ ವೈದ್ಯರು ಬಳಸುತ್ತಿರುವ ಲೆಕ್ಕ ಇದು. ಶುಕ್ರವಾರ ರಾತ್ರಿ ಬಂದಿಳಿದವರು ಶನಿವಾರ ಬೆಳಗ್ಗೆ ಬಿದ್ದರೆ ದಾರಿಯಲ್ಲಿ ಎಲ್ಲಿ ತಿಂದಿದ್ದರು ಎಂದೂ ಕೇಳಿ ಬರೆದಿಡಿ.

ಮಲದ ಮಾದರಿಯನ್ನು ಆರೋಗ್ಯ ಸಿಬ್ಬಂದಿ ತೆಗೆದುಕೊಳ್ಳುತ್ತಾರೆ. ಶುರುವಾದ 48ರಿಂದ 72 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು, ಒಬ್ಬರದ್ದಲ್ಲ, ಐದು ಜನರದ್ದಾದರೂ. ಡಬ್ಬಿ ಸೋರಬಾರದು, ಒಳಗೆ ಏನೂ ಬೆರೆಸಬಾರದು, 4 ಡಿಗ್ರಿ ತಂಪಿನಲ್ಲಿ ಹೋಗಬೇಕು. ಜೊತೆಗೆ ಬಾವಿ, ಟ್ಯಾಂಕ್, ನಲ್ಲಿ ಮೂರರ ನೀರೂ ಹೋಗಲಿ. ಹೆದರಿಕೆಯಿಂದ ಅದಕ್ಕೂ ಮೊದಲೇ ಬಾವಿಗೆ ಬ್ಲೀಚಿಂಗ್ ಸುರಿದರೆ ಸಾಕ್ಷಿ ತೊಳೆದ ಹಾಗೆ. ಮಾದರಿ ತೆಗೆದ ಮರುಕ್ಷಣ ಸುರಿಯಿರಿ.

ಇನ್ನು ಫ್ರಿಜ್‌ನಲ್ಲಿರುವ ಪಂದಿಕರಿ. ಊಟದಲ್ಲಿ ವೈರಸ್ ಹುಡುಕಲು ಐಎಸ್‌ಒ 15216 ಎಂಬ ಅಂತರರಾಷ್ಟ್ರೀಯ ವಿಧಾನವಿದೆ. ತರಕಾರಿ, ಹಣ್ಣುಗಳಾದರೆ 25 ಗ್ರಾಂ ತೆಗೆದುಕೊಂಡು, ಅದಕ್ಕೆ ಅಂಟಿದ ವೈರಸ್ಸನ್ನು ಕ್ಷಾರೀಯ ದ್ರಾವಣದಲ್ಲಿ ತೊಳೆದು, ಆ ನೀರನ್ನು ಸಾಂದ್ರಗೊಳಿಸಿ, ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಬಿಡಿಸಿ, ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಆರ್‌ಟಿ-ಪಿಸಿಆರ್ ಅಂದರೆ ವೈರಸ್ಸಿನ ಒಂದು ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿ ಕಾಣುವಂತೆ ಮಾಡುವ ಯಂತ್ರವಿಧಾನ, ಕೋವಿಡ್‌ನಿಂದ ಎಲ್ಲರಿಗೂ ಪರಿಚಯವಾದದ್ದೇ. ಶುರುವಿನಲ್ಲೇ ಮೆಂಗೊ ಎಂಬ ಬೇರೊಂದು ವೈರಸ್ಸನ್ನು ಬೇಕೆಂದೇ ಬೆರೆಸುತ್ತಾರೆ. ಕೊನೆಗೆ ಅದರಲ್ಲಿ ನೂರಕ್ಕೆ ಒಂದು ಪಾಲು ವಾಪಸ್ ಸಿಕ್ಕರೆ ಪರೀಕ್ಷೆ ಪಾಸು. ನೂರರಲ್ಲಿ ತೊಂಬತ್ತೊಂಬತ್ತು ಕಳೆದುಹೋದರೂ ನಡೆಯುತ್ತದೆ ಎಂದರೆ ಕೆಲಸ ಎಷ್ಟು ಕಷ್ಟದ್ದು ನೋಡಿ. ಬ್ಯಾಕ್ಟೀರಿಯಾದ ಹಾಗೆ ರಾತ್ರಿಯಿಡೀ ಬೆಳೆಸಿ ಹೆಚ್ಚಿಸಿಕೊಳ್ಳಲೂ ಬರುವುದಿಲ್ಲ. ಅಲ್ಲದೆ ಆ ವಿಧಾನ ಚಿಪ್ಪುಮೀನು, ಸೊಪ್ಪು ತರಕಾರಿ, ಮೆತ್ತನೆ ಹಣ್ಣು, ಬಾಟಲಿ ನೀರು, ಆಹಾರದ ಮೇಲ್ಮೈ ಇಷ್ಟಕ್ಕೇ ರೂಪಿಸಿದ್ದು. ಮಸಾಲೆ, ಕೊಬ್ಬು ತುಂಬಿದ ಕರಿ ಆ ಪಟ್ಟಿಯಲ್ಲೇ ಇಲ್ಲ. ಊಟವನ್ನು ಚೆಲ್ಲಬೇಡಿ, ಬ್ಯಾಕ್ಟೀರಿಯಾ ನೋಡಲು ಅಧಿಕಾರಿಗಳು ಕೇಳಬಹುದು. ವೈರಸ್ಸಿನ ಉತ್ತರ ಅದರಲ್ಲಿ ಹುಡುಕಬೇಡಿ, ಅಷ್ಟೇ.

ಊಟದಲ್ಲಿ ಸಿಗುವುದೇ ಇಲ್ಲವೆಂದಲ್ಲ. 2012ರಲ್ಲಿ ಜರ್ಮನಿಯಲ್ಲಿ ಸುಮಾರು 11 ಸಾವಿರ ಜನ, ಬಹುಪಾಲು ಶಾಲಾಮಕ್ಕಳು, ನೊರೊವೈರಸ್ಸಿನಿಂದ ಮಲಗಿದರು. ಯಾರು ಎಲ್ಲಿ ಉಂಡರು ಎಂಬ ಪಟ್ಟಿ ಹಿಡಿದು ಹೊರಟವರು ಚೀನಾದಿಂದ ಬಂದ ಫ್ರೋಜನ್ ಸ್ಟ್ರಾಬೆರಿಗೆ ತಲುಪಿದರು, ಉಳಿದ ಪೆಟ್ಟಿಗೆಯಲ್ಲಿ ವೈರಸ್ಸೂ ಸಿಕ್ಕಿತು. ಪಟ್ಟಿ ಮೊದಲು, ಲ್ಯಾಬ್ ಆಮೇಲೆ.

9. ವರದಿ ಓದುವುದು

ಪಿಸಿಆರ್ "ಪಾಸಿಟಿವ್" ಎಂದರೆ ವೈರಸ್ಸಿನ ತುಣುಕು ಇದೆ ಎಂದರ್ಥ. ಅದು ಜೀವಂತವೋ, ಕ್ಲೋರಿನ್‌ಗೆ ಸತ್ತದ್ದೋ ಪಿಸಿಆರ್ ಹೇಳದು. "ನೆಗೆಟಿವ್" ಎಂದರೆ ಆ ಮಾದರಿಯಲ್ಲಿ ಸಿಗಲಿಲ್ಲ ಎಂದಷ್ಟೇ. ಅದನ್ನು ಫ್ರೇಮ್ ಹಾಕಿಸಿ ರಿಸೆಪ್ಷನ್‌ನಲ್ಲಿ ತೂಗುಹಾಕುವಂಥದ್ದಲ್ಲ. ಹಲವರ ಮಲದಲ್ಲೂ ನೀರಿನಲ್ಲೂ ಸಿಕ್ಕ ವೈರಸ್ಸಿನ ಆರ್‌ಎನ್‌ಎ ಅಕ್ಷರಮಾಲೆ ಒಂದೇ ಆಗಿದ್ದರೆ ಮಾತ್ರ ಮೂಲ ಬಾವಿಯೆಂದು ಹೇಳುವುದಕ್ಕೆ ಬಲ ಬರುತ್ತದೆ.

ಕಾಮಾಲೆಗೆ ಬೇಕಾದ್ದು ರಕ್ತ ಪರೀಕ್ಷೆ, ಹೆಪಟೈಟಿಸ್ ಎ ಮತ್ತು ಇ ಎರಡರ ಐಜಿಎಂ. ಐಜಿಎಂ ಅಂದರೆ ಸೋಂಕು ಹೊಸದಾಗಿ ತಗುಲಿದಾಗ ದೇಹ ತಯಾರಿಸುವ ಪ್ರತಿಕಾಯ. ನಾಟಿ ಮದ್ದಿಗೆ ಹೋಗುವವರು ಹೋಗಲಿ, ಹೋಗುವ ಮೊದಲು ಈ ರಕ್ತ ಕೊಟ್ಟು ಹೋಗಲಿ. ಇಲ್ಲದಿದ್ದರೆ ಒಂದೇ ಊರಿನಲ್ಲಿ ಹತ್ತು ಜನರಿಗೆ ಬಂದದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. 1955-56ರ ದೆಹಲಿಯ ದೊಡ್ಡ ಕಾಮಾಲೆಯನ್ನು ಬಹಳ ಕಾಲ ಹೆಪಟೈಟಿಸ್ ಎ ಎಂದೇ ತಿಳಿದಿದ್ದರು. ತೆಗೆದಿಟ್ಟಿದ್ದ ರಕ್ತವನ್ನು ದಶಕಗಳ ಮೇಲೆ ಪರೀಕ್ಷಿಸಿದಾಗ ಅದು ಬೇರೆ ಎಂದು ಗೊತ್ತಾಯಿತು, ಇಂದು ಅದನ್ನು ಹೆಪಟೈಟಿಸ್ ಇ ಎನ್ನುತ್ತೇವೆ.

ಕಾಮಾಲೆಯ ಕರೆ ಬಂದಾಗ ಅಧಿಕಾರಿಗಳು ಕೇಳುವುದು ನಿನ್ನೆಯ ಊಟವನ್ನಲ್ಲ, ಹೋದ ತಿಂಗಳ ಊಟವನ್ನು. ಅಷ್ಟು ಹೊತ್ತಿಗೆ ಫ್ರಿಜ್ ಖಾಲಿ, ಬಾವಿಯ ನೀರು ಹತ್ತು ಸಲ ಬದಲಾಗಿರುತ್ತದೆ. ಉಳಿದಿರುವುದು ನಿಮ್ಮ ಗೆಸ್ಟ್ ರಿಜಿಸ್ಟರ್, ಆ ದಿನಗಳ ಮೆನು, ಅಡುಗೆಮನೆಯಲ್ಲಿ ಯಾವ ದಿನ ಯಾರಿದ್ದರು ಎಂಬ ಹಾಜರಿ, ದಿನದಿನದ ಕ್ಲೋರಿನ್ ಅಂಕಿ. ಆ ನೋಟ್‌ಬುಕ್ಕನ್ನು ಕನಿಷ್ಠ ಎರಡು ತಿಂಗಳು ಮಳೆ ಎರಚಲು ತಾಗದ ಕಡೆ ಇಡಿ.